ನಾನೂರು ರೂಪಾಯಿ ಜಾಸ್ತಿ

ಹೆಬ್ಬಾಳದ ಕೈಗಾರಿಕಾ ಪ್ರದೇಶ. ನನ್ನ ಕಿಟಕಿಗೆ
ಕಾಣುವುದು ಸೈಕಲ್ ಸ್ಟ್ಯಾಂಡು, ಒಂದು ಹೊಂಗೆಮರ,
ಮರದಡಿ ಚುರುಮುರಿ ಗಾಡಿ.
ಇಪ್ಪತ್ತಾರು ವರ್ಷದಿಂದ ನಾನಿಲ್ಲಿ ಸಂಬಳ ಬರೆಯುವವನು.

ಏರಿಸಿ ಎಂದು ಬಂದವರನ್ನು ಕಂಡಿದ್ದೇನೆ:
ಅತ್ತವರು, ಮೇಜು ಗುದ್ದಿದವರು,
ಆಯುಧಪೂಜೆಯ ಬೂದುಗುಂಬಳ
ನನ್ನ ಬಾಗಿಲಿಗೇ ಒಡೆದು ಹೋದವರು.
ಇಳಿಸಿ ಎಂದು ಬಂದವಳು
ವೈಂಡಿಂಗ್ ಸೆಕ್ಷನ್ನಿನ ಮುಬೀನ್ ತಾಜ್ ಒಬ್ಬಳೇ.

ಊಟದ ಹೊತ್ತು. ಬೆರಳಲ್ಲಿನ್ನೂ ತಾಮ್ರದ ವಾಸನೆ.
ಬಡ್ತಿ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು
ಮಗನ ಮಾರ್ಕ್ಸ್ ಕಾರ್ಡಿನ ಹಾಗೆ ಮೇಜಿನ ಮೇಲಿಟ್ಟಳು.
ಸೂಪರ್‌ವೈಸರ್. ಇಪ್ಪತ್ತೊಂದು ಸಾವಿರದ ನಾನೂರು.
‘ಸಾರ್, ಆ ನಾನೂರು ಬೇಡ.’

ಯಾಕಮ್ಮ, ಎಂದೆ ಗೊತ್ತಿಲ್ಲದವನಂತೆ.
ಗೊತ್ತಿತ್ತು. ಇಪ್ಪತ್ತೊಂದು ದಾಟಿದರೆ ಇಎಸ್‌ಐ ಇಲ್ಲ.
ನಡೆಯುತ್ತಿರುವ ಅವಧಿ ಮುಗಿಯುವವರೆಗೆ ಆಸ್ಪತ್ರೆ,
ಆಮೇಲೆ ಕಾರ್ಡು ಬರೀ ಕಾಗದ.

ಅವಳ ಗಂಡ ಮಂಡಿ ಮೊಹಲ್ಲಾದ ಓಣಿಯಲ್ಲಿ
ಬೀಟೆ ಹಲಗೆಯೊಳಗೆ ಆನೆ ಕೂರಿಸುತ್ತಿದ್ದವನು,
ಮರಕ್ಕೂ ಮರಕ್ಕೂ ನಡುವೆ
ಕೂದಲೆಳೆ ಸಂದಿಲ್ಲದಂತೆ.
ಈಗ ಮಂಗಳವಾರ, ಶುಕ್ರವಾರ
ಅವನ ರಕ್ತ ನಾಲ್ಕು ಗಂಟೆ ಹೊರಗೆ ಸುತ್ತಾಡಿ ಬರುತ್ತದೆ.
ಮುಂಗೈಯಲ್ಲಿ ಹುರಿಯಂತೆ ಉಬ್ಬಿದ ನರ,
ಮುಟ್ಟಿದರೆ ಗುಂಯ್ ಅನ್ನುತ್ತದಂತೆ.
‘ನಮ್ಮ ಮೆಷಿನ್ ಥರಾನೇ ಸಾರ್. ರಾತ್ರಿ ಕಿವಿ ಇಟ್ಟು ಕೇಳ್ತೀನಿ.
ನಿಂತಿಲ್ಲ ಅಂದ್ರೆ ಮಲಕ್ಕೊಳ್ತೀನಿ.’

ಸ್ಟಾಫಿಗೆ ಕಂಪನಿಯದೇ ಪಾಲಿಸಿ ಇದೆ, ಎಂದೆ.
ಡಯಾಲಿಸಿಸ್ಸಿಗೆ ಇಷ್ಟು ಅಂತ ಒಂದು ಮಿತಿ.
‘ಎಷ್ಟು ತಿಂಗಳಿಗೆ ಬರ್ತದೆ?’
ಕ್ಯಾಲ್ಕುಲೇಟರ್ ಒತ್ತಿದೆ. ನಾಲ್ಕು.
‘ಉಳಿದ ಎಂಟು ತಿಂಗಳು ಅವರು ಏನು ಮಾಡ್ಬೇಕು?’
ವ್ಯಂಗ್ಯವಲ್ಲ. ನಿಜಕ್ಕೂ ಕೇಳುತ್ತಿದ್ದಳು,
ಸಂಬಳ ಬರೆಯುವವನಿಗೆ ಗೊತ್ತಿರಬಹುದೆಂದು.

ನಾನೇನು ಹೇಳಲಿ.
ನನ್ನ ಡ್ರಾಯರಿನಲ್ಲಿ ಕಾರ್ಬನ್ ಹಾಳೆಗಳ ಕೆಳಗೆ
ಮೂರು ರಾಜೀನಾಮೆ ಇವೆ, ತಾರೀಖು ಹಾಕದವು.
ಒಂಟಿಕೊಪ್ಪಲಿನಲ್ಲಿ ಹಳೇ ರೇಡಿಯೊ ರಿಪೇರಿಗೆ
ಒಂದು ಮಳಿಗೆ ನೋಡಿದ್ದೆ, ಮುಂಗಡವನ್ನೂ ಮಾತಾಡಿದ್ದೆ.
ಅದೇ ವಾರ ನನ್ನವಳ ಎದೆಗೆ ಎರಡು ಸ್ಟೆಂಟು.
ಪಾಲಿಸಿ ನಂಬರು ನನಗೆ ಬಾಯಿಪಾಠ,
ಮದುವೆಯ ತಾರೀಖು ಅವಳೇ ನೆನಪಿಸಬೇಕು.
ಮಳಿಗೆಯಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ.

ಬಡ್ತಿ ಬೇಡ ಎನ್ನುವುದಕ್ಕೆ ನಮೂನೆ ಇರಲಿಲ್ಲ.
ರಾಜೀನಾಮೆಯದನ್ನೇ ತಿದ್ದಿ ಟೈಪು ಮಾಡಿದೆ:
‘ನಾನು ಸ್ವಇಚ್ಛೆಯಿಂದ ನಿರಾಕರಿಸುತ್ತಿದ್ದೇನೆ.’
ಬೆರಳಿಟ್ಟು ಓದಿದಳು, ಒಂದು ಕಡೆ ನಿಂತಳು.
‘ಸ್ವಇಚ್ಛೆ ಅಂದ್ರೆ?’
ನಿಮಗೇ ಇಷ್ಟ ಇದ್ದು, ಅಂತ.
ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿದು, ಸ್ವಲ್ಪ ಹೊತ್ತು.
‘ಇರ್ಲಿ ಬಿಡಿ ಸಾರ್, ಚೆನ್ನಾಗಿದೆ ಮಾತು.’
ಸಹಿ ಮಾಡಿದಳು.

ಆ ಕುರ್ಚಿಗೆ ಈಗ ಪ್ರಜ್ವಲ್. ಇಪ್ಪತ್ನಾಲ್ಕು ವರ್ಷ,
ಜ್ವರ ಬಂದರೂ ಗೊತ್ತಾಗದ ಮೈ.
ತಂತಿ ಹರಿಯುವ ಮುಂಚೆ ಮೆಷಿನ್ನಿನ ಸದ್ದು
ಹೇಗೆ ಬದಲಾಗುತ್ತದೆ ಎಂದು ಅವಳೇ ಹೇಳಿಕೊಡುತ್ತಾಳೆ,
ಮೇಡಂ ಅನ್ನುತ್ತಾನೆ ಅವನು, ಅಭ್ಯಾಸಬಲ.

ಆದರೆ ಏಪ್ರಿಲ್ ಇದೆಯಲ್ಲ. ತುಟ್ಟಿಭತ್ಯೆ
ಯಾರನ್ನೂ ಕೇಳದೆ ಏರುತ್ತದೆ,
ಬೇಡ ಎನ್ನಲು ಅರ್ಜಿಯಿಲ್ಲ.
ಆಷಾಢದ ಮಳೆಗೆ ಊರೆಲ್ಲ
ಕಟ್ಟೆಗೆ ಇನ್ನೆಷ್ಟು ಅಡಿ ಎಂದು ವಿಚಾರಿಸುವ ಹಾಗೆ
ತಿಂಗಳಿಗೊಮ್ಮೆ ಅವಳು ಬಾಗಿಲಲ್ಲಿ ನಿಂತು ಕೇಳುತ್ತಾಳೆ:
‘ಇನ್ನೆಷ್ಟು ಉಳಿದಿದೆ ಸಾರ್?’
ಎಲ್ಲರೂ ತುಂಬಲಿ ಅನ್ನುವ ಕಟ್ಟೆ,
ಇವಳಿಗೆ ಮಾತ್ರ ತುಂಬಬಾರದು.

‘ಆರುನೂರ ಎಂಬತ್ತು’ ಎಂದೆ ಈ ಸಲ.
ಮನಸ್ಸಿನಲ್ಲೇ ಕೂಡಿ ಕಳೆದಳು, ತುಟಿ ಅಲ್ಲಾಡಿತು.
ಇವತ್ತು ಶುಕ್ರವಾರ.
ಎರಡು ಗಂಟೆಯ ಗೇಟ್ ಪಾಸಿಗೆ ನನ್ನ ಸಹಿ ಬೇಕು.